ಬಳ್ಳಿ ತುಂಬ ಹೂ, ಕಾಯಿ ಎಲ್ಲಿ? ಕರಾವಳಿ ಮನೆಯ ಚೀನಿಕಾಯಿಗೆ ವರ್ಷದ ಲೆಕ್ಕ

ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ಮಳೆಯ ಕಾಲ, ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. ಕಾಪುವಿನಿಂದ ಒಬ್ಬರು, ಮೂಡುಬಿದಿರೆಯಿಂದ ಒಬ್ಬರು, ಸುರತ್ಕಲ್ಲಿನಲ್ಲಿ ಹತ್ತು ಸೆಂಟ್ಸ್ ಜಾಗದ ಮನೆಯವರು ಇನ್ನೊಬ್ಬರು. "ಬಳ್ಳಿ ಹಟ್ಟಿಯ ಮಾಡಿನ ಮೇಲೆಲ್ಲ ಹಬ್ಬಿದೆ, ದಿನಾ ಹತ್ತು ಹೂ ಬಿಡ್ತದೆ, ಕಾಯಿ ಮಾತ್ರ ಒಂದೂ ನಿಲ್ಲುವುದಿಲ್ಲ. ಎಂತ ಗೊಬ್ಬರ ಹಾಕಬೇಕು?"

ಗೊಬ್ಬರ ಏನೂ ಬೇಡ. ಬೀಜ ಹಾಕಿದ ದಿನ ತಪ್ಪಿದೆ, ಅಷ್ಟೆ. ಚೀನಿಕಾಯಿ ಬೆಳೆಸುವುದು ನಮ್ಮಲ್ಲಿ ಕಷ್ಟವೇ ಅಲ್ಲ, ತಿಪ್ಪೆಗೆ ಎಸೆದ ಬೀಜವೂ ಹುಟ್ಟುತ್ತದೆ. ಹೆಣ್ಣು ಹೂ ಅರಳುವ ಮೂರು ನಾಲ್ಕು ವಾರ ಬೆಳಗ್ಗಿನ ಮಳೆಗೆ ಸಿಕ್ಕದಂತೆ ದಿನ ಎಣಿಸುವುದರಲ್ಲಿದೆ ನಿಜವಾದ ಕೆಲಸ. ಈ ಎಣಿಕೆ ಸರಿಯಾದರೆ ಒಂದೆರಡು ಸೆಂಟ್ಸ್ ಜಾಗದಲ್ಲಿ ಮನೆಗೆ ವರ್ಷದ ಬಹುಪಾಲು ಸಾಕಾಗುವಷ್ಟು ಕಾಯಿ ಬರುತ್ತದೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ನಾನು ಹೇಳುತ್ತಿರುವುದು ಒಳಗೆ ಕೇಸರಿ ಬಣ್ಣದ ತಿರುಳಿರುವ ಸಿಹಿಗುಂಬಳದ ವಿಷಯ. ನಮ್ಮಲ್ಲಿ ಕೆಲವರು ಚೀನಿಕಾಯಿ ಅನ್ನುತ್ತಾರೆ, ತುಳುವಿನಲ್ಲಿ ಕೆಂಬುಡೆ. ಮೈಮೇಲೆ ಬಿಳಿ ಬೂದಿ ಇರುವ, ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಬೇರೆಯೇ ಗಿಡ. ಅಂಗಡಿಯಲ್ಲಿ ಬರೀ "ಕುಂಬಳದ ಬೀಜ ಕೊಡಿ" ಎಂದರೆ ಯಾವುದೂ ಕೈಗೆ ಬರಬಹುದು.

1. ಬೀಜಕ್ಕೆ ಮೊದಲು ಕ್ಯಾಲೆಂಡರ್

ಗೋಡೆಯಲ್ಲಿರುವ ಪಂಚಾಂಗ ಅಥವಾ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್ ಇಳಿಸಿಕೊಳ್ಳಿ. ಎರಡು ಅಂಕಿ ನೆನಪಿರಲಿ. ಬೀಜ ಹಾಕಿದ 45ರಿಂದ 55 ದಿನಕ್ಕೆ ಹೆಣ್ಣು ಹೂ ಬರಲು ಶುರು. ಹೂ ಕಾಯಿ ಕಟ್ಟಿದ ಮೇಲೆ ಬಲಿಯಲು ಇನ್ನೂ 40ರಿಂದ 50 ದಿನ. ಹೆಚ್ಚುಕಡಿಮೆ ಸೇರಿಸಿ ಒಟ್ಟು 100–120 ದಿನ ಎಂದಿಟ್ಟುಕೊಳ್ಳಿ.

ಉಡುಪಿ, ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 4,000 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚೀನಿಕಾಯಿಯ ಹೂವು ಬೆಳಗಿನ ಜಾವ ಅರಳಿ ಒಂಬತ್ತು ಹತ್ತು ಗಂಟೆಗೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಮತ್ತೆ ಅರಳುವುದಿಲ್ಲ. ಆ ಹೊತ್ತಿನಲ್ಲಿ ಮಳೆ ಹೊಯ್ದರೆ ಜೇನು ಹೊರಗೆ ಬರುವುದಿಲ್ಲ, ಹೂವಿನೊಳಗೆ ನೀರು ತುಂಬಿ ಪರಾಗ, ಅಂದರೆ ಗಂಡು ಹೂವಿನ ಹಳದಿ ಪುಡಿ, ಒಡೆದು ಹಾಳಾಗುತ್ತದೆ. ಆ ದಿನದ ಹೆಣ್ಣು ಹೂ ಲೆಕ್ಕಕ್ಕಿಲ್ಲ.

ಈಗ ಪತ್ತನಾಜೆಯ ಹೊತ್ತಿಗೆ, ಮೇ ಕೊನೆಯ ವಾರದಲ್ಲಿ, ಮೊದಲ ಮಳೆಯ ಹುಮ್ಮಸ್ಸಿನಲ್ಲಿ ಬೀಜ ಹಾಕಿದವರ ಲೆಕ್ಕ ನೋಡಿ. ಐವತ್ತು ದಿನಕ್ಕೆ ಜುಲೈ ಮಧ್ಯ, ಅಂದರೆ ಆಟಿ ಹಿಡಿಯುವ ಹೊತ್ತು. ಆಕಾಶವೇ ಬಿರಿಯುವ ಸಮಯಕ್ಕೆ ಸರಿಯಾಗಿ ಹೆಣ್ಣು ಹೂ! ಕಾಯಿ ನಿಲ್ಲುವುದಾದರೂ ಹೇಗೆ? ಬಳ್ಳಿಯಿಂದ ಕುಡಿ ಪಲ್ಯಕ್ಕೆ ಸೊಪ್ಪು, ಪೋಡಿಗೆ, ಅಂದರೆ ಬಜ್ಜಿಗೆ, ಹೂ ಧಾರಾಳ ಸಿಗುತ್ತದೆ, ಅಷ್ಟಕ್ಕೇ ಬೇಕಿದ್ದರೆ ಖಂಡಿತ ಹಾಕಿ. ಬಳ್ಳಿ ಕೊಳೆಯದೆ ಉಳಿದರೆ ಸೆಪ್ಟೆಂಬರಿನಲ್ಲಿ ಒಂದೆರಡು ಕಾಯಿ ಕೊಡುವುದೂ ಉಂಟು. ಆದರೆ ಅದನ್ನು ನಂಬಿ ಕೂರಬೇಡಿ.

ಹಾಗಾದರೆ ಯಾವಾಗ ಹಾಕಬೇಕು? ನಾನು ಮೂರು ಬಿತ್ತನೆ ಇಟ್ಟುಕೊಂಡಿದ್ದೇನೆ.

ಮೊದಲನೆಯದು ಸೋಣದ ಬಿತ್ತನೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಮಳೆ ಇನ್ನೂ ಇರುವುದರಿಂದ ಬೆಟ್ಟು ಜಾಗವೇ ಬೇಕು. ಬೆಟ್ಟು ಅಂದರೆ ನೀರು ನಿಲ್ಲದ ಎತ್ತರದ ಜಮೀನು. ಹೂ ಬರುವುದು ಅಕ್ಟೋಬರ್ ಮಧ್ಯದ ನಂತರ. ಆಗಲೂ ಗುಡುಗು ಮಳೆ ಉಂಟಲ್ಲ ಎಂದು ನೀವು ಕೇಳಬಹುದು. ಉಂಟು, ಆದರೆ ಅದು ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲಿನ, ಸಂಜೆಯ ಮಳೆ. ಬೆಳಗ್ಗೆ ಬಿಸಿಲಿರುತ್ತದೆ, ಹೂವಿಗೆ ಬೇಕಾದದ್ದು ಅಷ್ಟೇ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ನಡೆಯುವ ಪರ್ಯಾಯದ ಹೊರೆಕಾಣಿಕೆಗೆ, ಅಂದರೆ ಊರವರು ಮಠಕ್ಕೆ ಒಪ್ಪಿಸುವ ದವಸ ತರಕಾರಿಗೆ, ನಿಮ್ಮ ಮನೆಯ ಕಾಯಿ ಕೊಡುವ ಆಸೆಯಿದ್ದರೆ ಈ ಬಿತ್ತನೆಯೇ ಗತಿ. ಸೆಪ್ಟೆಂಬರ್ 15ರ ನಂತರ ಹಾಕಿದ್ದು ಆ ಹೊತ್ತಿಗೆ ಬಲಿತಿರುವುದು ಅನುಮಾನ.

ಎರಡನೆಯದು ದೊಡ್ಡ ಬಿತ್ತನೆ. ಏಣಿಲು, ಅಂದರೆ ಮಳೆಗಾಲದ ಭತ್ತ, ಕೊಯ್ಲಾದ ಮೇಲೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ. ಮಜಲು ಗದ್ದೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬೆಟ್ಟುವಿಗೂ ತಗ್ಗಿನ ಬೈಲಿಗೂ ನಡುವಿನ ಈ ಗದ್ದೆಯಲ್ಲಿ ಮಣ್ಣಿನ ತೇವ ಇನ್ನೂ ಉಳಿದಿರುತ್ತದೆ. ಹೂ ಡಿಸೆಂಬರ್ ಕೊನೆಗೆ, ಜನವರಿಗೆ. ಕೊಯ್ಲು ಫೆಬ್ರವರಿ, ಮಾರ್ಚ್. ವರ್ಷಕ್ಕೆ ಒಂದೇ ಸಲ ಹಾಕುವ ಶಕ್ತಿ ಇದ್ದರೆ ಇದನ್ನೇ ಹಾಕಿ, ಉಳಿದೆರಡನ್ನು ಮರೆಯಿರಿ.

ಮೂರನೆಯದು ಜನವರಿ ಕೊನೆಯದ್ದು. ಬಾವಿಯಲ್ಲಿ ನೀರಿರುವವರಿಗೆ ಮಾತ್ರ. ಸೆಕೆಯಲ್ಲಿ ಎಲೆ ಬಾಡುತ್ತದೆ, ಬಿಳಿನೊಣ ಜಾಸ್ತಿ. ಮಳೆ ಬೀಳುವ ಮೊದಲು ಕೊನೆಯ ಕಾಯಿ ಮನೆ ಸೇರಬೇಕು. ಫೆಬ್ರವರಿ ಮಧ್ಯ ದಾಟಿದರೆ ಕೈ ಬಿಡಿ.

2. ಜಾಗ, ಮತ್ತು ಎಷ್ಟು ಗುಂಡಿ

ಎರಡು ಗುಂಡಿಗಳ ನಡುವೆ 2 ಮೀಟರ್, ಸಾಲಿನಿಂದ ಸಾಲಿಗೆ 3 ಮೀಟರ್ ಬಿಡಿ. ಎಂಟು ಗುಂಡಿಗೆ ಸುಮಾರು ಒಂದೂಕಾಲು ಸೆಂಟ್ಸ್ ಬೇಕು, ಬಳ್ಳಿ ಹರಿದಾಡಲು ಎರಡು ಸೆಂಟ್ಸ್ ಇದ್ದರೆ ಆರಾಮ. ಗುಂಡಿಗೆ ಎರಡು ಬಳ್ಳಿ, ಬಳ್ಳಿಗೆ ಎರಡು ಮೂರು ಕಾಯಿ ಎಂದರೂ ಮೂವತ್ತೆರಡರಿಂದ ನಲವತ್ತೆಂಟು ಕಾಯಿ. ಐದಾರು ಜನರ ಮನೆಗೆ ಇದು ಹೆಚ್ಚೇ ಆಯಿತು. ಮೊದಲ ಸಲ ಮಾಡುವವರು ಇಪ್ಪತ್ತು ಗುಂಡಿ ತೋಡಿ, ಜನವರಿಯಲ್ಲಿ ನೀರು ಹೊತ್ತು ಸಾಕಾಗಿ, ಅರ್ಧ ಗದ್ದೆ ಹಂದಿಗೆ ಬಿಟ್ಟದ್ದನ್ನು ನೋಡಿದ್ದೇನೆ. ನಾಲ್ಕರಿಂದ ಶುರು ಮಾಡಿ.

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಅಡಿಕೆ ತೋಟದ ಒಳಗೆ ಹಾಕಿದರೆ ಬಳ್ಳಿ ಉದ್ದವಾಗುತ್ತದೆ, ಅಷ್ಟೆ. ತೋಟದ ಅಂಚಿನಲ್ಲಿ ಹಾಕುವುದಾದರೂ ಒಂದು ಎಚ್ಚರ: ಮಳೆಗಾಲದಲ್ಲಿ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮದ್ದು, ಎಳೆ ಬಳ್ಳಿಯ ಮೇಲೆ ತೊಟ್ಟಿಕ್ಕಿದರೆ ಎಲೆ ಸುಡುತ್ತದೆ. ಮದ್ದು ಬಿದ್ದ ಬಳ್ಳಿಯ ಕುಡಿ, ಹೂವನ್ನು ಅಡುಗೆಗೆ ಕೊಯ್ಯಬೇಡಿ.

ಹೊಳೆಬದಿಯ ಮನೆಯವರಿಗೆ ಇನ್ನೊಂದು ಮಾತು. ಉದ್ಯಾವರ, ಶಾಂಭವಿ, ನೇತ್ರಾವತಿ ಹೊಳೆಗಳ ಕೆಳಭಾಗದಲ್ಲಿ ಬೇಸಿಗೆಯಲ್ಲಿ ಉಬ್ಬರದ ಜೊತೆ ಉಪ್ಪುನೀರು ಮೇಲೇರುತ್ತದೆ, ಕೆಲವು ಬಾವಿಗಳ ನೀರೂ ಸವಳಾಗುತ್ತದೆ. ಎಲೆಯ ಅಂಚು ಕಂದಾಗಿ ಮುರುಟಿದರೆ ರೋಗದ ಮದ್ದು ಹುಡುಕುವ ಮೊದಲು ಬಾವಿಯ ನೀರನ್ನು ನಾಲಿಗೆಗೆ ತಾಗಿಸಿ ನೋಡಿ. ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾಗುವ ಊರಾದರೆ ಮೂರನೆಯ ಬಿತ್ತನೆಯ ಗೋಜಿಗೆ ಹೋಗದಿರುವುದೇ ಲೇಸು.

3. ಬೀಜ

ನೆರೆಮನೆಯ ಅಜ್ಜಿ ಬೂದಿಯಲ್ಲಿ ಹೊರಳಿಸಿ ಇಟ್ಟ ಊರ ಬೀಜ ಸಿಕ್ಕಿದರೆ ಬೇರೆ ಯಾವುದೂ ಬೇಡ. ಇಲ್ಲಿಯ ಮಣ್ಣು, ಇಲ್ಲಿಯ ಸೆಕೆ ಅದಕ್ಕೆ ಗೊತ್ತು. ಸಿಗದವರಿಗೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಒಳ್ಳೆಯ ತಳಿ, ಕಾಯಿ ಎರಡು ಮೂರು ಕಿಲೋ ತೂಗುತ್ತದೆ. ಸಣ್ಣ ಸಂಸಾರಕ್ಕೆ ಅಷ್ಟೇ ಗಾತ್ರ ಸರಿ. ಹತ್ತು ಕಿಲೋದ ಕಾಯಿ ಒಡೆದರೆ ವಾರವಿಡೀ ಕೊದ್ದೆಲು, ಸಾಸಿವೆ, ಪಲ್ಯ, ಮತ್ತೆ ಕೊದ್ದೆಲು. ಮಕ್ಕಳು ಊಟದ ಮಣೆಯಿಂದ ಎದ್ದೇ ಹೋಗುತ್ತಾರೆ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿಯದ್ದು ಇನ್ನೂ ಸಣ್ಣ ಕಾಯಿ, ಹಣ್ಣುನೊಣದ ಕಾಟವನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಬಿಲಿ ದೊಡ್ಡ ಕಾಯಿಯ ತಳಿ, ನಮ್ಮ ಹವೆಗೆ ಹೊಂದುತ್ತದೆ. ಬ್ರಹ್ಮಾವರದ ಮತ್ತು ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಬೀಜದ ಬಗ್ಗೆ ವಿಚಾರಿಸಿ, ಹೋಗುವಾಗ ಒಂದು ಚೀಲ ಮಣ್ಣನ್ನೂ ಪರೀಕ್ಷೆಗೆ ಒಯ್ಯಿರಿ.

ಪ್ಯಾಕೆಟ್ ಮೇಲೆ ಹೈಬ್ರಿಡ್ ಅಥವಾ ಎಫ್1 ಎಂದಿದ್ದರೆ ಅದರ ಕಾಯಿಯ ಬೀಜ ಎತ್ತಿಟ್ಟು ಪ್ರಯೋಜನವಿಲ್ಲ, ಮುಂದಿನ ವರ್ಷ ತಾಯಿಯ ಗುಣ ಬರುವುದಿಲ್ಲ.

4. ಗುಂಡಿ ತಯಾರಿ

ಬಿತ್ತನೆಗೆ ಮೂರು ವಾರ ಮೊದಲೇ ಶುರು ಮಾಡಿ. ಎರಡಡಿ ಅಗಲ, ಒಂದೂವರೆ ಅಡಿ ಆಳ. ನಮ್ಮ ಮುರಮಣ್ಣು ಹುಳಿ ಮಣ್ಣು, ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋಗಿರುತ್ತದೆ. ಗುಂಡಿಗೆ ಒಂದು ಹಿಡಿ ಕೃಷಿ ಸುಣ್ಣ ಹಾಕಿ ಮಣ್ಣಿನೊಂದಿಗೆ ಬೆರೆಸಿ ಹದಿನೈದು ದಿನ ಬಿಡಿ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಂದೇ ದಿನ ಸುರಿಯಬೇಡಿ, ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ.

ಸುಡುಮಣ್ಣು ಮಾಡುವ ಅಭ್ಯಾಸ ಇನ್ನೂ ಇರುವ ಮನೆಯಾದರೆ ಪುಣ್ಯ. ತರಗೆಲೆ, ಒಣ ಸೊಪ್ಪು, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಎರಡು ಮೂರು ದಿನ ಹೊಗೆಯಾಡುವಂತೆ ಸುಡುವ ಹಳೆಯ ಕ್ರಮ ಅದು. ಗುಂಡಿಗೆ ಒಂದು ಬುಟ್ಟಿ ಸುಡುಮಣ್ಣು ಹಾಕಿದರೆ ಸುಣ್ಣವನ್ನು ಅರ್ಧಕ್ಕೆ ಇಳಿಸಿ. ಬೂದಿಯೂ ಮಣ್ಣಿನ ಹುಳಿ ತೆಗೆಯುತ್ತದೆ.

ಹದಿನೈದು ದಿನ ಕಳೆದ ಮೇಲೆ ಗುಂಡಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಬೇರು ಸುಟ್ಟು ಗೊಣ್ಣೆಹುಳು ತುಂಬುತ್ತದೆ. ಸೋಣದ ಬಿತ್ತನೆಗೆ ಗುಂಡಿ ತುಂಬಿಸಿ ಮೇಲೆ ಒಂದಡಿ ಎತ್ತರದ ದಿಣ್ಣೆ ಮಾಡಿ. ನವೆಂಬರಿನದಕ್ಕೆ ಇದರ ವಿರುದ್ಧ: ನೀರು ನಿಲ್ಲುವಂತೆ ಗುಂಡಿಯ ಬಾಯಿ ನೆಲದಿಂದ ನಾಲ್ಕು ಬೆರಳು ತಗ್ಗಿರಲಿ.

5. ಬಿತ್ತನೆ ಮತ್ತು ಮೊದಲ ಇಪ್ಪತ್ತು ದಿನ

ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ತೇಲಿದ್ದನ್ನು ತೆಗೆದುಬಿಡಿ. ಗುಂಡಿಗೆ ನಾಲ್ಕು, ಒಂದು ಬೆರಳ ಗಂಟಿನ ಆಳಕ್ಕೆ. ಐದರಿಂದ ಏಳು ದಿನಕ್ಕೆ ಮೊಳಕೆ ಕಾಣುತ್ತದೆ. ನಾಲ್ಕೆಲೆ ಆದಾಗ ಚೆನ್ನಾಗಿರುವ ಎರಡನ್ನು ಉಳಿಸಿ ಮಿಕ್ಕದ್ದನ್ನು ಬುಡದಲ್ಲೇ ಕತ್ತರಿಸಿ. ಕಿತ್ತರೆ ಪಕ್ಕದ ಗಿಡದ ಬೇರೂ ಅಲುಗುತ್ತದೆ. ಇಲ್ಲಿ ಎಲ್ಲರಿಗೂ ಕರುಣೆ ಬರುತ್ತದೆ, ನಾಲ್ಕನ್ನೂ ಬಿಡುತ್ತಾರೆ, ಕಡೆಗೆ ಒಂದರಲ್ಲೂ ಸರಿಯಾಗಿ ಕಾಯಿ ಆಗುವುದಿಲ್ಲ.

ಈ ದಿನಗಳಲ್ಲಿ ಶತ್ರುಗಳು ಮೂವರು. ಒಂದು ನವಿಲು, ಮೊಳಕೆಯ ತಲೆಯನ್ನೇ ಕುಕ್ಕಿ ಹಾಕುತ್ತದೆ. ತೆಂಗಿನ ಮಡಲನ್ನು ಗುಂಡಿಯ ಮೇಲೆ ಓರೆಯಾಗಿ ಇಟ್ಟರೆ ಹತ್ತು ದಿನಕ್ಕೆ ಸಾಕು. ಎರಡು, ಸೋಣದ ಬಿತ್ತನೆಗೆ ಬರುವ ದೊಡ್ಡ ಆಫ್ರಿಕನ್ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೋಗಿ ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ. ಉಪ್ಪನ್ನು ಗಿಡದ ಬುಡಕ್ಕೆ ಎರಚಲೇಬೇಡಿ. ಮೂರು, ಕೆಂಪು ದುಂಬಿ. ಎಲೆಯನ್ನು ಜರಡಿ ಮಾಡುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಿತ್ತಳೆ ಬಣ್ಣದ ಹುಳು. ಬೆಳಗ್ಗೆ ಇಬ್ಬನಿ ಇರುವಾಗ ಅದು ಜಡವಾಗಿರುತ್ತದೆ, ಆಗ ಕೈಯಲ್ಲೇ ಹಿಡಿಯಬಹುದು. ಅದೇ ಇಬ್ಬನಿಯ ಮೇಲೆ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿದರೆ ಅಂಟಿ ನಿಲ್ಲುತ್ತದೆ, ದುಂಬಿ ದೂರ ಇರುತ್ತದೆ. ಮಧ್ಯಾಹ್ನ ಬೂದಿ ಹಾಕುವುದು ಗಾಳಿಗೆ ಹಾಕಿದಂತೆ.

6. ನೀರು, ಹೊದಿಕೆ, ಕುಡಿ

ಗುಂಡಿಗೆ ಒಂದು ಕೊಡ ನೀರು, ಎಳೆಯದಿರುವಾಗ ದಿನ ಬಿಟ್ಟು ದಿನ, ಕಾಯಿ ಕಟ್ಟುವಾಗ ದಿನಾ. ಮಟ್ಟು, ಮಲ್ಪೆ ಕಡೆಯ ಹೊಯಿಗೆ, ಅಂದರೆ ಮರಳು, ಮಣ್ಣಿಗೆ ದಿನಕ್ಕೆ ಎರಡು ಸಲ ಬೇಕಾದೀತು. ನೀರು ಬುಡಕ್ಕೆ ಮಾತ್ರ, ಸಂಜೆ ಎಲೆಯ ಮೇಲೆ ಪೈಪು ಹಿಡಿಯುವ ಚಟ ಬಿಡಿ. ಬುಡದ ಸುತ್ತ ತರಗೆಲೆ ಅಥವಾ ಬೈಹುಲ್ಲು ಹೊದಿಸಿ.

ಬಳ್ಳಿ ಎರಡು ಮೀಟರ್ ಆದಾಗ ಮುಖ್ಯ ಕುಡಿ ಚಿವುಟಿ. ಪಕ್ಕದ ಕವಲು ಒಡೆದು ಹೆಣ್ಣು ಹೂ ಹೆಚ್ಚುತ್ತದೆ, ಚಿವುಟಿದ ಕುಡಿ ಅಂದಿನ ಪಲ್ಯಕ್ಕಾಯಿತು. ಹೂ ಬರುವ ಹೊತ್ತಿಗೆ ಮೇಲುಗೊಬ್ಬರವಾಗಿ ನೆಲಗಡಲೆ ಹಿಂಡಿ ನೆನೆಸಿದ ನೀರನ್ನು ಹತ್ತು ಪಾಲು ತೆಳ್ಳಗೆ ಮಾಡಿ ಒಮ್ಮೆ ಕೊಡಿ, ಸಾಕು. ಯೂರಿಯಾ ಹಾಕಿದ ಬಳ್ಳಿ ನೋಡಲು ಚಂದ, ಬರೀ ಸೊಪ್ಪು.

7. ಹೂವಿನ ಬೆಳಗು

ಮೊದಲ ವಾರ, ಕೆಲವೊಮ್ಮೆ ಎರಡು ವಾರ, ಬರುವುದೆಲ್ಲ ಗಂಡು ಹೂವೇ. ಅದು ಬಳ್ಳಿಯ ಸ್ವಭಾವ, ಗಾಬರಿ ಬೇಡ. ಗುರುತು ಹಿಡಿಯುವುದು ಸುಲಭ. ಗಂಡು ಹೂವಿಗೆ ಉದ್ದನೆಯ ಸಪೂರ ತೊಟ್ಟು. ಹೆಣ್ಣು ಹೂವಿನ ತೊಟ್ಟು ಗಿಡ್ಡ, ಹೂವಿನ ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿ ಈಗಾಗಲೇ ಕೂತಿರುತ್ತದೆ. ಪೋಡಿಗೆ ಹೂ ಕೊಯ್ಯುವವರಿಗೆ ಇದನ್ನು ಮೊದಲ ದಿನವೇ ತೋರಿಸಿಕೊಡಿ. ನಮ್ಮ ಮನೆಯಲ್ಲಿ ಒಂದು ವರ್ಷ ನೆಂಟರು ಬಂದ ಸಂಭ್ರಮದಲ್ಲಿ ಹೆಣ್ಣು ಹೂವೆಲ್ಲ ಕಡಲೆಹಿಟ್ಟಿನಲ್ಲಿ ಮುಳುಗಿತು. ಗಂಡು ಹೂವನ್ನೂ ಪೂರ್ತಿ ಕೊಯ್ಯಬಾರದು, ದಿನಕ್ಕೆ ಮೂರು ನಾಲ್ಕಾದರೂ ಬಳ್ಳಿಯಲ್ಲಿರಲಿ.

ಹತ್ತಿರದಲ್ಲಿ ತುಡುವೆ ಜೇನಿನ ಪೆಟ್ಟಿಗೆಯೋ ಗೋಡೆಯ ಸಂದಿನಲ್ಲಿ ಮುಜಂಟಿ ಎಂಬ ಪುಟ್ಟ ಜೇನೋ ಇದ್ದರೆ ಅರ್ಧ ಕೆಲಸ ಅವೇ ಮಾಡುತ್ತವೆ. ಆದರೂ ಮನೆಮಟ್ಟದ ಗದ್ದೆಯಲ್ಲಿ ಕೈ ಪರಾಗಸ್ಪರ್ಶವನ್ನು ನಾನು ಬಿಡುವುದಿಲ್ಲ. ದೊಡ್ಡ ಹೆಸರು, ಕೆಲಸ ಒಂದು ನಿಮಿಷದ್ದು. ಬೆಳಗ್ಗೆ ಆರರಿಂದ ಎಂಟರೊಳಗೆ ಆಗಷ್ಟೇ ಅರಳಿದ ಗಂಡು ಹೂ ಕೊಯ್ದು, ಎಸಳು ಹರಿದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಇರುವ ಅಂಟಂಟು ಗಂಟಿಗೆ ಮೆಲ್ಲಗೆ ಸುತ್ತಲೂ ಸವರಿ. ಒಂದು ಗಂಡು ಹೂ ಎರಡು ಹೆಣ್ಣಿಗೆ ಸಾಕು. ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ ಇದು. ತೊಟ್ಟಿಗೆ ಬಣ್ಣದ ನೂಲು ಕಟ್ಟಿ ತಾರೀಕು ಬರೆದಿಡಲು ಹೇಳಿ, ಕೊಯ್ಲಿನ ದಿನ ಎಣಿಸಲು ಅದೇ ಆಧಾರ. ಒಂಬತ್ತಕ್ಕೆ ಎದ್ದು ಚಹಾ ಕುಡಿದು ಬರುವವರಿಗೆ ಈ ಕೆಲಸ ಸಾಗದು.

ಆಟಿಯಲ್ಲಿ ಬಳ್ಳಿ ಇಟ್ಟುಕೊಂಡವರು ಕೇಳುತ್ತಾರೆ: ಮಳೆಯಲ್ಲಿ ಇದನ್ನೇ ಮಾಡಬಹುದೇ? ಮಾಡಬಹುದು. ನಾಳೆ ಅರಳುವ ಮೊಗ್ಗಿನ ತುದಿ ಹಿಂದಿನ ಸಂಜೆಯೇ ಹಳದಿಗೆ ತಿರುಗಿರುತ್ತದೆ. ಹೆಣ್ಣು ಮೊಗ್ಗಿನ ಮೇಲೆ ತೆಂಗಿನ ಗೆರಟೆ ಕವುಚಿಟ್ಟು, ಗಂಡು ಮೊಗ್ಗನ್ನು ಉದ್ದ ತೊಟ್ಟಿನೊಂದಿಗೆ ಕೊಯ್ದು ಒಳಗೆ ಲೋಟದ ನೀರಿನಲ್ಲಿ ನಿಲ್ಲಿಸಿ. ಬೆಳಗ್ಗೆ ಸವರಿದ ಮೇಲೆ ಮತ್ತೆ ಗೆರಟೆ ಮುಚ್ಚಿ, ಮರುದಿನ ತೆಗೆಯಿರಿ. ಎರಡು ಮೂರು ಕಾಯಿಗೆ ಸರಿ, ಮೂವತ್ತಕ್ಕೆ ಆಗುವ ಮಾತಲ್ಲ.

8. ಉದುರಿದ ಮಿಡಿಯನ್ನು ಸೀಳಿ ನೋಡಿ

ನಿಂಬೆಹಣ್ಣಿನಷ್ಟಾದ ಮಿಡಿ ಹಳದಿಯಾಗಿ ಉದುರಿತು ಎಂದರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಚೂರಿಯಿಂದ ಸೀಳಿ. ಒಳಗೆ ಏನೂ ಇಲ್ಲ, ಬರೀ ಬಾಡಿದೆ ಎಂದಾದರೆ ಪರಾಗ ಸಿಕ್ಕಿಲ್ಲ, ಮೇಲಿನ ಭಾಗ ಮತ್ತೊಮ್ಮೆ ಓದಿ. ಒಳಗೆ ಬಿಳಿ ಹುಳು ಕುಪ್ಪಳಿಸಿದರೆ, ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಕಲೆ, ಅಂಟು ಕಂಡರೆ ಅದು ಹಣ್ಣುನೊಣ.

ಹಣ್ಣುನೊಣಕ್ಕೆ ಮೋಹಕ ಬಲೆ ಕಟ್ಟಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಬಲೆ ಎಂದು ಹೇಳುವುದಿಲ್ಲ, ನಾನು ದುಡ್ಡು ಕಳೆದುಕೊಂಡದ್ದು ಅಲ್ಲಿಯೇ. ಅಂಗಡಿಯವರು ಕೊಟ್ಟ ಬಲೆಯಲ್ಲಿ ನೊಣ ರಾಶಿ ರಾಶಿ ಬಿತ್ತು, ಮಿಡಿಗಳು ಮಾತ್ರ ಮೊದಲಿನಂತೆ ಉದುರಿದವು. ಅದು ಮಾವಿನ ನೊಣವನ್ನು ಸೆಳೆಯುವ ಮಿಥೈಲ್ ಯೂಜಿನಾಲ್ ಬಲೆ. ಸೌತೆ, ಹೀರೆ, ಚೀನಿಕಾಯಿಗೆ ಬರುವ ನೊಣವೇ ಬೇರೆ, ಅದಕ್ಕೆ ಬೇಕಾದದ್ದು ಕ್ಯೂ-ಲೂರ್. ಪ್ಯಾಕೆಟಿನ ಮೇಲೆ ಈ ಹೆಸರು ಓದಿಯೇ ತೆಗೆದುಕೊಳ್ಳಿ. ತುಳಸಿ ಎಲೆ ಅರೆದು ಗೆರಟೆಯಲ್ಲಿಡುವ ಮನೆಮದ್ದೂ ಮಾವಿನ ನೊಣಕ್ಕೇ ಸರಿ, ಇಲ್ಲಿ ಕೆಲಸಕ್ಕೆ ಬಾರದು. ಎರಡು ಸೆಂಟ್ಸಿಗೆ ಒಂದು ಬಲೆ ಸಾಕು, ಹೂ ಬರುವ ಒಂದು ವಾರ ಮೊದಲೇ ಕಟ್ಟಿ. ಒಳಗಿನ ಮರದ ತುಂಡಿಗೆ ವಿಷ ಸೇರಿಸಿರುತ್ತಾರೆ, ಬರಿಗೈಯಲ್ಲಿ ಮುಟ್ಟಬೇಡಿ.

ಬಲೆಗೆ ಬೀಳುವುದು ಗಂಡು ನೊಣ ಮಾತ್ರ ಎನ್ನುವುದೂ ತಿಳಿದಿರಲಿ. ಮೊಟ್ಟೆ ಇಡುವ ಹೆಣ್ಣು ಪಕ್ಕದ ತೋಟದಿಂದ ಹಾರಿ ಬರುತ್ತಲೇ ಇರುತ್ತದೆ. ಆದ್ದರಿಂದ ನೂಲು ಕಟ್ಟಿದ ಮಿಡಿಗೆ ಮರುದಿನವೇ ಹಳೆ ಪತ್ರಿಕೆಯ ಲಕೋಟೆಯನ್ನೋ ಹಳೆ ಪಂಚೆಯ ತುಂಡಿನ ಚೀಲವನ್ನೋ ಸಡಿಲವಾಗಿ ತೊಡಿಸಿ. ಸಿಪ್ಪೆ ಗಟ್ಟಿಯಾಗುವ ಎರಡು ವಾರ ಕಾಪಾಡಿದರೆ ಗೆದ್ದಂತೆ. ಪ್ಲಾಸ್ಟಿಕ್ ಬೇಡ, ಬೆವರಿ ಕೊಳೆಯುತ್ತದೆ. ಉದುರಿದ ಮಿಡಿಗಳನ್ನು ಗೊಬ್ಬರಗುಂಡಿಗೆ ಎಸೆಯುವುದು ಎಲ್ಲರೂ ಮಾಡುವ ತಪ್ಪು. ಹುಳು ಅಲ್ಲೇ ಮಣ್ಣಿಗಿಳಿದು ನೊಣವಾಗಿ ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ, ಇಲ್ಲವೇ ನೀರು ತುಂಬಿದ ಬಕೆಟಿನಲ್ಲಿ ಕೆಲವು ದಿನ ಮುಳುಗಿಸಿಡಿ.

9. ಎಲೆಯ ಕಾಯಿಲೆ, ಚುಟುಕಾಗಿ

ಡಿಸೆಂಬರ್, ಜನವರಿಯ ಚಳಿಯಲ್ಲಿ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೆ ಬೂದಿರೋಗ. ಕೆಳಗಿನ ಹಳೆಯ ಎಲೆ ತೆಗೆದು, ಒಂದು ಪಾಲು ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಸೇರಿಸಿ ವಾರಕ್ಕೊಮ್ಮೆ ಸಿಂಪಡಿಸಿ. ಎಲೆಯ ನರದ ಉದ್ದಕ್ಕೂ ಹುಟ್ಟಿನಿಂದಲೇ ಬಿಳಿ ಮಚ್ಚೆ ಇರುವ ತಳಿಗಳಿವೆ, ಅದನ್ನು ರೋಗವೆಂದು ಭಾವಿಸಬೇಡಿ. ಬೆರಳಲ್ಲಿ ಉಜ್ಜಿದರೆ ರೋಗದ ಪುಡಿ ಅಂಟುತ್ತದೆ, ಮಚ್ಚೆ ಅಂಟುವುದಿಲ್ಲ. ಎಲೆ ಮುರುಟಿ ಹಸಿರು-ಹಳದಿ ಚಿತ್ತಾರವಾಗಿ ಬಳ್ಳಿ ಕುಬ್ಜವಾದರೆ ಅದು ವೈರಸ್ ತರುವ ನಂಜುರೋಗ. ಅದಕ್ಕೆ ಮದ್ದಿಲ್ಲ, ಆ ಬಳ್ಳಿ ಕಿತ್ತು ಸುಟ್ಟುಬಿಡಿ. ಬಿಳಿನೊಣ, ಹೇನು ಕಂಡಾಗಲೇ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಚೂರು ಸೋಪಿನೊಂದಿಗೆ ಕಲಸಿ ಸಂಜೆ ಹೊಡೆಯಿರಿ. ಬೆಳಗ್ಗೆ ಯಾವ ಸಿಂಪಡಣೆಯೂ ಬೇಡ, ಅದು ಜೇನಿನ ಹೊತ್ತು.

ಹಂದಿ, ಮುಳ್ಳುಹಂದಿಗೆ ಮಾತ್ರ ನನ್ನ ಬಳಿ ಮದ್ದಿಲ್ಲ. ಬೇಲಿ ಬೇಕು, ನಾಯಿ ಬೇಕು, ಕಾಯಿ ಬಲಿಯುವ ತಿಂಗಳಲ್ಲಿ ಗದ್ದೆ ಮನೆಯ ಕಣ್ಣಳತೆಯಲ್ಲಿರಬೇಕು. ಬೇಲಿಗೆ ನೇರ ಕರೆಂಟ್ ಕೊಡುವುದು ಅಪರಾಧವೂ ಹೌದು, ಮನುಷ್ಯರ ಜೀವಕ್ಕೆ ಅಪಾಯವೂ ಹೌದು.

10. ಕೊಯ್ಲು ಮತ್ತು ಅಟ್ಟ

ಅವಸರ ಮಾಡಬೇಡಿ. ಎಳೆ ಕಾಯಿ ಪಲ್ಯಕ್ಕೆ ಆಗುತ್ತದೆ, ಇಡಲು ಆಗುವುದಿಲ್ಲ. ಬಲಿತ ಕಾಯಿಯ ತೊಟ್ಟು ಒಣಗಿ ಬೆಂಡಿನಂತಾಗುತ್ತದೆ, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯುವುದಿಲ್ಲ, ನೆಲಕ್ಕೆ ತಾಗಿದ ಭಾಗ ಕಡು ಹಳದಿಯಾಗಿರುತ್ತದೆ. ನೂಲಿನ ತಾರೀಕಿಗೆ 45 ದಿನ ಆಗಿದೆಯೇ ನೋಡಿ. ಕಾಯಿ ನೆಲದಲ್ಲಿರುವಷ್ಟು ದಿನ ಅಡಿಗೆ ತೆಂಗಿನ ಒಣ ಕೊತ್ತಳಿಗೆಯನ್ನೋ ಹುಲ್ಲನ್ನೋ ಇಟ್ಟಿರಿ.

ಮೂರು ಬೆರಳು ಉದ್ದದ ತೊಟ್ಟು ಉಳಿಸಿ ಕತ್ತಿಯಿಂದ ಕೊಯ್ಯಿರಿ. ತೊಟ್ಟು ಹಿಡಿದು ಎತ್ತಲೇಬೇಡಿ. ತೊಟ್ಟು ಕಳಚಿದ ಕಾಯಿ ಅಲ್ಲಿಂದಲೇ ಕೊಳೆಯಲು ತೊಡಗುತ್ತದೆ, ಅದನ್ನು ಆ ವಾರವೇ ಅಡುಗೆಗೆ ಬಳಸಿ. ಉಳಿದವನ್ನು ಗಾಳಿಯಾಡುವ ಚಾವಡಿಯಲ್ಲಿ ಒಂದಕ್ಕೊಂದು ತಾಗದಂತೆ ಏಳರಿಂದ ಹತ್ತು ದಿನ ಹರಡಿ, ಸಿಪ್ಪೆ ಗಟ್ಟಿಯಾಗಲಿ. ಆಮೇಲೆ ಅಟ್ಟಕ್ಕೆ. ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕುವಂತೆಯೇ ಸಣ್ಣ ಚೀನಿಕಾಯಿಯನ್ನೂ ತೂಗುಹಾಕಬಹುದು. ಟೆರೇಸ್ ಮನೆಯವರು ಅಡುಗೆಮನೆಯ ಒಂದು ಹಲಗೆಯ ಮೇಲೆ ಬೈಹುಲ್ಲು ಹಾಕಿ ಇಡಿ. ಸಿಮೆಂಟ್ ನೆಲದ ಮೇಲೆ ನೇರ ಇಟ್ಟರೆ ಜೂನಿನಲ್ಲಿ ಅಡಿಯಿಂದ ಬೆವರುತ್ತದೆ. ಮಾರ್ಚಿನಲ್ಲಿ ಕೊಯ್ದ ಕಾಯಿ ಹೀಗೆ ಆಟಿಯವರೆಗೆ ನಿಲ್ಲುತ್ತದೆ. ವಾರಕ್ಕೊಮ್ಮೆ ಯಾರಾದರೂ ಒಬ್ಬರು ಅಟ್ಟ ಹತ್ತಿ ಒಂದೊಂದನ್ನೂ ತಟ್ಟಿ, ಮೂಸಿ ನೋಡಬೇಕು. ಒಂದು ಕೊಳೆತರೆ ಪಕ್ಕದ್ದೂ ಹೋಗುತ್ತದೆ.

ಮಾರುವ ಯೋಚನೆ ಇದ್ದರೆ ಫೆಬ್ರವರಿಯಿಂದ ಮೇವರೆಗೆ ಬ್ರಹ್ಮಕಲಶ, ನೇಮ, ಮದುವೆಗಳ ಕಾಲ, ಊಟದ ಅಡುಗೆಯವರಿಗೆ ದೊಡ್ಡ ಕಾಯಿ ಬೇಕು. ಒಂದು ತಿಂಗಳು ಮೊದಲೇ ಮಾತಾಡಿಟ್ಟುಕೊಳ್ಳಿ.

ಒಂದು ಎಚ್ಚರಿಕೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ. ಆ ಕಹಿ ಬೇಯಿಸಿದರೂ ಹೋಗದ ವಿಷ, ವಾಂತಿ ಭೇದಿ ಹಿಡಿಸುತ್ತದೆ. ಆ ಕಾಯಿಯ ಬೀಜವನ್ನೂ ಇಡಬಾರದು.

11. ಮುಂದಿನ ವರ್ಷದ ಬೀಜ

"ಪಕ್ಕದಲ್ಲಿ ಹಾಗಲ ಇದ್ದರೆ ಚೀನಿಕಾಯಿ ಕಹಿಯಾಗುತ್ತದೆ" ಎನ್ನುವ ಮಾತು ನಿಜವಲ್ಲ. ಹಾಗಲ, ಸೌತೆ, ಬೂದುಗುಂಬಳ ಯಾವುದರ ಜೊತೆಗೂ ಇದು ಬೆರೆಯುವುದಿಲ್ಲ. ಬೆರೆಯುವುದು ಇನ್ನೊಂದು ತಳಿಯ ಚೀನಿಕಾಯಿಯ ಜೊತೆ, ಅದೂ ಆ ವರ್ಷದ ಕಾಯಿಯಲ್ಲಿ ಗೊತ್ತಾಗುವುದಿಲ್ಲ, ಬೀಜ ಹಾಕಿದ ಮುಂದಿನ ವರ್ಷ ಗೊತ್ತಾಗುತ್ತದೆ. ನಿಮ್ಮ ತಳಿ ಶುದ್ಧವಾಗಿ ಉಳಿಯಬೇಕಿದ್ದರೆ ಒಳ್ಳೆಯ ಬಳ್ಳಿಯ ಒಂದು ಹೆಣ್ಣು ಮೊಗ್ಗು, ಎರಡು ಗಂಡು ಮೊಗ್ಗುಗಳ ಬಾಯಿಯನ್ನು ಹಿಂದಿನ ಸಂಜೆ ನೂಲಿನಿಂದ ಕಟ್ಟಿ. ಬೆಳಗ್ಗೆ ಬಿಚ್ಚಿ, ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ. ಆ ಕಾಯಿಗೆ ಕೆಂಪು ನೂಲು.

ಅದನ್ನು ಎಲ್ಲಕ್ಕಿಂತ ಕೊನೆಗೆ ಕೊಯ್ದು, ಮನೆಯಲ್ಲಿ ಇನ್ನೂ ಇಪ್ಪತ್ತು ದಿನ ಇಟ್ಟು, ಆಮೇಲೆ ಒಡೆಯಿರಿ. ಬೀಜ ತೊಳೆದು ಲೋಳೆ ತೆಗೆದು ನೆರಳಲ್ಲಿ ಒಣಗಿಸಿ. ಬಗ್ಗಿಸಿದರೆ ಬಾಗದೆ ಚಟ್ ಎಂದು ಮುರಿಯುವಷ್ಟು ಒಣಗಬೇಕು. ಒಲೆಯ ಬೂದಿಯಲ್ಲಿ ಹೊರಳಿಸಿ, ಗಾಳಿಯಾಡದ ಬಾಟಲಿಗೆ ತುಂಬಿ, ತಳಿಯ ಹೆಸರು, ವರ್ಷ ಬರೆದ ಚೀಟಿ ಅಂಟಿಸಿ. ನಮ್ಮ ಮಳೆಗಾಲದ ತೇವದಲ್ಲಿ ಎರಡು ವರ್ಷದ ನಂತರ ಮೊಳಕೆ ಕಡಿಮೆಯಾಗುತ್ತದೆ, ಹಳೆಯದನ್ನು ಮೊದಲು ಖರ್ಚು ಮಾಡಿ. ಆ ಕಾಯಿಯ ತಿರುಳು ಕೊದ್ದೆಲಿಗೆ, ನಡುವಿನ ನಾರು ತಂಬುಳಿಗೆ, ಸಿಪ್ಪೆ ಚಟ್ನಿಗೆ ಆಗುತ್ತದೆ. ಬೀಜದಲ್ಲಿ ಹತ್ತಿಪ್ಪತ್ತನ್ನು ಚೀಟಿಯಲ್ಲಿ ಕಟ್ಟಿ ನೆರೆಮನೆಗೂ ಕೊಟ್ಟಿರಿ. ನಿಮ್ಮ ಬಾಟಲಿಗೆ ಹುಳು ಬಿದ್ದ ವರ್ಷ ಅಲ್ಲಿಂದ ಕೇಳಿ ತರಬಹುದು.